ಅತ್ತೆ ಒಳ್ಳೆಯವರಾದ ವಾರ

ನನ್ನ ಸೋದರತ್ತೆ ಒಮ್ಮೆ ಒಂದು ವಾರದ ಮಟ್ಟಿಗೆ ತುಂಬ ಒಳ್ಳೆಯವರಾಗಿಬಿಟ್ಟಿದ್ದರು. ಆ ವಾರ ನೆನಪಾದರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತದೆ!

ನಗಬೇಡಿ. ಮಾಮೂಲಿ ದಿನಗಳಲ್ಲಿ ಅವರು ಹೇಗಿರುತ್ತಿದ್ದರು ಎಂಬುದನ್ನು ಮೊದಲು ಕೇಳಿ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಚೆನ್ನೈನ ಅಂಬತ್ತೂರಿನ ಕಾರ್ಖಾನೆಯೊಂದಕ್ಕೆ ಇಂಜಿನಿಯರಾಗಿ ಬಂದ ನಾನು, ಅಣ್ಣಾ ನಗರದಲ್ಲಿ ಒಬ್ಬರೇ ಇದ್ದ ಅತ್ತೆಯ ಮನೆಯಲ್ಲಿ ಬಿಡಾರ ಹೂಡಿದ್ದೆ. ಅತ್ತೆಗೆ ದಿನ ಶುರುವಾಗುತ್ತಿದ್ದುದೇ ಜಗಳದಿಂದ. ನಾನು ಮಾಡಿದ ಕಾಫಿಯನ್ನು ಬಾಯಿಗಿಟ್ಟು, "ಇದೇನೋ, ಪಾತ್ರೆ ತೊಳೆದ ನೀರಾ?" ಎನ್ನುವುದು ಸುಪ್ರಭಾತ. ಮೀಟರ್ ಹಾಕು ಎಂದು ಚೆನ್ನೈ ಆಟೋದವರ ಹತ್ತಿರ ವಾದಿಸುವ ಧೈರ್ಯ ಯಾರಿಗಿದೆ ಹೇಳಿ? ಅತ್ತೆ ಕಾಲು ಗಂಟೆ ವಾದಿಸಿ, ಗೆದ್ದು, ಆಮೇಲೆ ಬಸ್ಸು ಹತ್ತುತ್ತಿದ್ದರು! ಅನ್ನ ಇಟ್ಟು ಕರೆದ ಮೇಲೆ ತಡವಾಗಿ ಬಂದ ಕಾಗೆಗೂ ಬೈಗುಳ ತಪ್ಪಿದ್ದಲ್ಲ. ಮೇಲಿನ ಮನೆಯವರು ಅದನ್ನು ಕಂಡು, ಇದೂ ಖಾಯಿಲೆಯೇ ಇರಬಹುದೇ ಎಂದು ನನ್ನ ಕಿವಿ ಕಚ್ಚಿದರು. ನಾನು ಹೆದರುತ್ತ ಹೆದರುತ್ತ ಅತ್ತೆಯನ್ನೇ ಕೇಳಿದೆ.

"ನಾನು ಕಾಗೆ ಹತ್ರ ಮಾತಾಡಿದ್ರೆ ಖಾಯಿಲೆ ಅಲ್ಲ ಕಣೋ. ಕಾಗೆ ನನ್ನ ಹತ್ರ ಮಾತಾಡಿದ್ರೆ ಖಾಯಿಲೆ. ಅದು ಬಂದಾಗ ನಾನೇ ಹೇಳ್ತೀನಿ, ಭಯಪಡಬೇಡ."

ಹೌದು, ಅತ್ತೆಗೆ ಮನಸ್ಸಿನ ಖಾಯಿಲೆ ಇತ್ತು. ಮಾವ ತೀರಿಕೊಂಡ ಮರುವರ್ಷ ಮನೆಗೆ ಬೀಗ ಹಾಕಿ, ಕೀಲಿಕೈ ಪಕ್ಕದವರಿಗೆ ಕೊಟ್ಟು ಹೊರಟೇ ಹೋಗಿದ್ದರು. ಹದಿನೈದು ದಿನದ ಮೇಲೆ ಎಗ್ಮೋರ್ ಸ್ಟೇಷನ್ನಿನಲ್ಲಿ ಸಿಕ್ಕಿದಾಗ ತಮ್ಮ ಹೆಸರನ್ನೂ ಹೇಳಲಿಲ್ಲವಂತೆ. ಆಮೇಲೆ ಆಸ್ಪತ್ರೆ, ಮಾತ್ರೆ, ಚೇತರಿಕೆ. ಚೇತರಿಸಿಕೊಂಡವರು ಸುಮ್ಮನೆ ಕೂರದೆ, ತಮ್ಮಂತೆಯೇ ಖಾಯಿಲೆ ಬಿದ್ದು ಎದ್ದ ಎಂಟು ಹತ್ತು ಜನರನ್ನು ಪ್ರತಿ ಶನಿವಾರ ಸಂಜೆ ಮನೆಗೆ ಕರೆಯತೊಡಗಿದರು. ಅಲ್ಲಿ ಡಾಕ್ಟರಿಗೆ ಪ್ರವೇಶವಿಲ್ಲ, ಮನೆಯವರಿಗಂತೂ ಇಲ್ಲವೇ ಇಲ್ಲ. ನನ್ನನ್ನು "ಹೋಗಿ ಗಾಳಿ ಕುಡಿದು ಬಾ" ಎಂದು ಹೊರಗಟ್ಟುತ್ತಿದ್ದರು.

ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಆರೋಗ್ಯ ನೆಟ್ಟಗಿದ್ದಾಗಲೇ ಒಬ್ಬೊಬ್ಬರೂ ಒಂದು ಕಾಗದ ಬರೆದು, ಲಕೋಟೆಗೆ ಹಾಕಿ, ಇನ್ನೊಬ್ಬರ ಕೈಗೆ ಕೊಟ್ಟಿರಬೇಕು. ನಾನು ಹದಗೆಡುವಾಗ ಹೇಗಿರುತ್ತೇನೆ, ಆಗ ನನಗೇನು ಮಾಡಬೇಕು ಎಂಬ ವಿವರ ಅದರಲ್ಲಿ. ಅತ್ತೆಯ ಲಕೋಟೆ ಇದ್ದದ್ದು ಅಂಬತ್ತೂರಿನಲ್ಲಿ ಲೇತ್ ಯಂತ್ರದ ಕೆಲಸ ಮಾಡುವ ಸೆಲ್ವಂ ಎಂಬವರ ಹತ್ತಿರ.

ಇನ್ನು ಆ ವಾರ. ಸೋಮವಾರ ಅತ್ತೆ ಕಾಫಿ ಕುಡಿದು, "ಚೆನ್ನಾಗಿದೆಯಪ್ಪಾ" ಎಂದರು. ಬುಧವಾರ ಆಟೋದವನು ಕೇಳಿದಷ್ಟು ಕೊಟ್ಟು ಬಂದರು. ಕಾಗೆ ಎಷ್ಟು ಹೊತ್ತಿಗೆ ಬಂದರೂ "ಪರವಾಯಿಲ್ಲೆ" ಎಂದು ತಮಿಳಿನಲ್ಲಿ ಸಮಾಧಾನ ಹೇಳಿದರು. ನನಗೋ ಸ್ವರ್ಗಕ್ಕೆ ಮೂರೇ ಗೇಣು! ಮೈಸೂರಿಗೆ ಫೋನ್ ಮಾಡಿ, "ಅಮ್ಮಾ, ಅತ್ತೆ ಪೂರ್ತಿ ಸರಿಹೋದ್ರು" ಎಂದೆ. ಅಮ್ಮ ರಾಯರಿಗೆ ಹಾಲಿನ ಅಭಿಷೇಕ ಮಾಡಿಸಿಯೇಬಿಟ್ಟಳು.

ಶನಿವಾರ ನಾನು ಗಾಳಿ ಕುಡಿದು ವಾಪಸಾಗುವಾಗ ಸೆಲ್ವಂ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಉಳಿದವರೆಲ್ಲ ಹೊರಟುಹೋಗಿದ್ದರು.

"ತಂಬಿ, ಅಮ್ಮ ಎಷ್ಟು ದಿನದಿಂದ ಹೀಗಿದ್ದಾರೆ?" ಎಂದು ಅತ್ತೆಯ ಬಗ್ಗೆ ತಮಿಳಿನಲ್ಲಿ ಕೇಳಿದರು.

"ಒಂದು ವಾರದಿಂದ. ಈಗ ಆರಾಮಾಗಿದ್ದಾರೆ ಸಾರ್!"

"ಇವತ್ತು ನಮಗೆಲ್ಲ ಕೈ ಮುಗಿದರು. ಇನ್ನು ಮೇಲೆ ಬರೋದು ಬೇಡ ಅಂದರು." ಅಲ್ಲೇ ಲಕೋಟೆ ಹರಿದು ಓದಿದರು: "ನಾನು ಜಗಳ ನಿಲ್ಲಿಸಿದರೆ ಕೂಡಲೇ ಬನ್ನಿ. ನನ್ನ ಅಣ್ಣನ ಮಗ ಖುಷಿಯಾಗಿರುತ್ತಾನೆ. ಅವನ ಮಾತು ನಂಬಬೇಡಿ."

ನನ್ನ ಮುಖಕ್ಕೆ ಹೊಡೆದಂತಾಯಿತು. ಓಡಿಹೋಗಿ ಮಾತ್ರೆಯ ಡಬ್ಬಿ ತೆಗೆದು ನೋಡಿದರೆ, ಎರಡು ವಾರದಿಂದ ಒಂದು ಮಾತ್ರೆಯೂ ಖರ್ಚಾಗಿಲ್ಲ. ಒಂದೇ ಸೂರಿನಡಿ ಇದ್ದ ನಾನು ಮಾಡುತ್ತಿದ್ದುದಾದರೂ ಏನು? ಕಾಫಿ ಹೊಗಳಿಸಿಕೊಂಡು ಮೆರೆಯುತ್ತಿದ್ದೆ!

ಅತ್ತೆ ನಡುಮನೆಯಲ್ಲಿ ಕೈಕಟ್ಟಿ ಕೂತಿದ್ದರು. "ಬನ್ನಿ ಸೆಲ್ವಂ, ಕೂತ್ಕೊಳ್ಳಿ" ಎಂದರು, ಮದುವೆಮನೆಗೆ ಬಂದವರನ್ನು ಕರೆದ ಹಾಗೆ. ಸೆಲ್ವಂ ಉಪದೇಶ ಮಾಡಲಿಲ್ಲ, ಗದರಲಿಲ್ಲ. ಎದುರಿಗೆ ಕೂತು ಕಾಗದದ ಮುಂದಿನ ಸಾಲು ಓದಿದರು: "'ನನಗೇನೂ ಆಗಿಲ್ಲ' ಎನ್ನುತ್ತೇನೆ. ಆವತ್ತಿನ ನನ್ನ ಮಾತು ಬಿಟ್ಟು, ಇವತ್ತಿನ ನನ್ನ ಮಾತು ಕೇಳಿ."

"ಅದು ಹಳೇ ಕಾಗದ," ಎಂದರು ಅತ್ತೆ.

"ಕೈಬರಹ ನಿಮ್ಮದೇ ಅಮ್ಮ."

ನಾನು ಬಾಯಿ ತೆರೆಯಲು ಹೋದೆ. ಸೆಲ್ವಂ ಕಣ್ಣಲ್ಲೇ ತಡೆದರು. ಆಮೇಲೆ ಅವರೇ ಅತ್ತೆಗೆ ಹೇಳಿದರು: "ಹೋದ ವರ್ಷ ನನ್ನ ಕಾಗದ ನೀವು ಓದಿದಿರಿ. ನಾನು ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದೆ. ಆದರೂ ಆಸ್ಪತ್ರೆಗೆ ಬಂದೆ ಅಲ್ವಾ? ನೀವು ಜೊತೆಗಿದ್ದಿರಿ. ಇವತ್ತು ನಾನಿದ್ದೇನೆ."

ಅತ್ತೆ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಚೀಲವಿತ್ತು, ಬಟ್ಟೆ ತುಂಬಿ ದಾರ ಕಟ್ಟಿಟ್ಟ ಚೀಲ.

"ನಾಳೆ ಬೆಳಗ್ಗೆ ಹೊರಡೋಣ ಅಂತಿದ್ದೆ," ಎಂದರು.

"ಎಲ್ಲಿಗೆ ಅತ್ತೆ?"

"ಗೊತ್ತಿಲ್ಲಪ್ಪಾ."

ಸೆಲ್ವಂ ಆ ಚೀಲವನ್ನು ಈಸಿಕೊಂಡು ಹೆಗಲಿಗೆ ಹಾಕಿಕೊಂಡರು. ಮೂವರೂ ಆಸ್ಪತ್ರೆಗೆ ಹೋದೆವು. ಅತ್ತೆಯನ್ನು ಸೇರಿಸಿಕೊಂಡರು. ದಿನಾ ಕೆಲಸ ಮುಗಿಸಿ ನಾನು ಅಲ್ಲಿಗೆ ಹೋದರೆ, ಗುಂಪಿನವರು ಯಾರಾದರೊಬ್ಬರು ಹಾಸಿಗೆಯ ಪಕ್ಕ ಕೂತೇ ಇರುತ್ತಿದ್ದರು. ಅತ್ತೆ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಖುಷಿಪಟ್ಟಿದ್ದೆನಲ್ಲ ಎಂಬ ಸಂಕಟ ನನಗೆ. ಅವರ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಒಂಬತ್ತನೆಯ ದಿನ ಅತ್ತೆ ಈ ಕಡೆ ತಿರುಗಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಸೊರಗಿ ಹೋಗಿದೀಯೋ! ಹೊಟ್ಟೆಗೆ ಏನಾದ್ರೂ ತಿಂತಿದೀಯಾ ಇಲ್ವಾ?" ಎಂದರು.

ಇಪ್ಪತ್ತಾರು ವರ್ಷದ ಗಂಡಸು ನಾನು, ವಾರ್ಡಿನ ಅಷ್ಟೂ ಜನರೆದುರು ಆ ಕಬ್ಬಿಣದ ಮಂಚಕ್ಕೆ ತಲೆಯಾನಿಸಿ ಗೊಳೋ ಎಂದು ಅತ್ತುಬಿಟ್ಟೆ. ಅಳಬೇಡ ಎನ್ನಲಿಲ್ಲ ಅತ್ತೆ. ತಲೆಯ ಮೇಲೆ ಕೈಯಿಟ್ಟರು.

"ಎಲ್ಲೂ ಹೋಗಲ್ಲ ಕಣೋ, ಇಲ್ಲೇ ಇದೀನಿ."