ಕಾಲಿಗೆ ಕಟ್ಟಿದ ಡಬ್ಬಿ

ಓಟ ಅಂದರೆ ತುಮಕೂರಿನಲ್ಲಿ ನನ್ನ ಹೆಸರೇ ಬರಬೇಕು, ಹಾಗೆ ಮಾಡಿ ತೋರಿಸುತ್ತೇನೆ ಎಂದು ನಾನು ಪಣ ತೊಟ್ಟಾಗ ನನಗೆ ನಲವತ್ತೆಂಟು. ಎರಡು ಸಾವಿರದ ಏಳರ ಮೇ ತಿಂಗಳು. ಅಲ್ಲಿನ ಸದಾಶಿವನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಟೈಲರ್ ಅಂಗಡಿ. ಶಾಲೆ ಶುರುವಾಗುವ ಮುಂಚೆ ಯೂನಿಫಾರ್ಮ್ ಬಟ್ಟೆ ಕಿಟಕಿಯವರೆಗೆ ಬೆಳೆದಿರುತ್ತಿತ್ತು. ರೆಡಿಮೇಡ್ ಇನ್ನೂ ನಮ್ಮ ಹೊಟ್ಟೆ ಮೇಲೆ ಹೊಡೆದಿರಲಿಲ್ಲ.

ಎಂಜಿನಿಯರಿಂಗ್ ಕಾಲೇಜಿನ ನಾಗಭೂಷಣ್ ಮೇಷ್ಟ್ರು ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದನ್ನು ತಂದರು.

"ಹಬೀಬ್ ಸಾಬ್ರೇ, ಓಡೋವಾಗ ಕಾಲು ಹೇಗೆ ಆಡುತ್ತೆ ಅಂತ ಇದು ಬರ್ಕೊಳುತ್ತೆ. ಕಾಲಿಗೆ ಕಟ್ಟೋಕೆ ಎಲಾಸ್ಟಿಕ್ ಪಟ್ಟಿ ಹೊಲಿದುಕೊಡಿ. ಓಡೋಕೆ ಯಾರನ್ನಾದ್ರೂ ಹುಡುಕ್ಬೇಕು."

"ಯಾರೋ ಯಾಕೆ ಸಾರ್, ನಾನಿಲ್ವಾ?"

ಪಕ್ಕದ ಮಿಷನ್ ತುಳಿಯುತ್ತಿದ್ದ ನನ್ನ ಹೆಂಡತಿ ಶರೀಫುನ್ನೀಸಾ ತಲೆ ಎತ್ತದೆ ಹೇಳಿದಳು, "ಇವರು ಓಡಿ ಹಿಡಿದ ಬಸ್ಸು ನಾನಿನ್ನೂ ನೋಡಿಲ್ಲ ಸಾರ್."

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ವೀರಾವೇಶದಿಂದ ಹೊರಟೆ. ಟೀ ಅಂಗಡಿಯವರೆಗೆ ಓಡಿದೆ. ಒಂದು ಟೀ, ಎರಡು ಬನ್ನು. ವಾಪಸು ಆಟೋ. ಡಬ್ಬಿಯನ್ನು ಒಳಗೆ ಸೇರಿಸಿ ಹೊಲಿದಿದ್ದ ಪಟ್ಟಿ ಬಿಚ್ಚಿ ಹೆಂಡತಿಯ ಮಿಷನ್ ಮೇಲೆ ಬಿಸಾಕಿ ಗುಂಡಿ, ದಾರ ತರಲು ಪೇಟೆಗೆ ಹೋದೆ. ಸಂಜೆ ಡಬ್ಬಿ ಮೇಷ್ಟ್ರ ಕೈ ಸೇರಿತು.

ಎರಡು ದಿನಕ್ಕೆ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. "ಹತ್ತೊಂಬತ್ತು ಕಿಲೋಮೀಟರ್ ಸಾಬ್ರೇ! ಒಂದು ಹೆಜ್ಜೆಗೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ನಾಳೆ ಪ್ರಿನ್ಸಿಪಾಲರ ಮುಂದೆ ಓಡ್ಬೇಕು. ಅವರು ಒಪ್ಪದಿದ್ರೆ ನನ್ನ ಎರಡು ವರ್ಷದ ಕೆಲಸ ಕಸದಬುಟ್ಟಿಗೆ."

ಹತ್ತೊಂಬತ್ತು! ಟೀ ಅಂಗಡಿ ಅಷ್ಟು ದೂರವಿರಲಿಲ್ಲ. ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಹೊಗಳಿಕೆ ಕೇಳಿ ಉಬ್ಬಿಹೋಗಿದ್ದೆ, ಬಿಡಲಿಲ್ಲ.

ಕಾಲೇಜು ಮೈದಾನದಲ್ಲಿ ಅರ್ಧ ಸುತ್ತಿಗೇ ಕೂತುಬಿಟ್ಟೆ. ಕಂಪ್ಯೂಟರಿನಲ್ಲಿ ನನ್ನ ಓಟದ ಗೆರೆ ಅಡ್ಡಾದಿಡ್ಡಿ ಹೋಗಿ ಅಲ್ಲೇ ಮಲಗಿತ್ತು.

"ಏನ್ರೀ ನಾಗಭೂಷಣ್," ಅಂದರು ಪ್ರಿನ್ಸಿಪಾಲರು, "ಕೆಟ್ಟಿರೋದು ಡಬ್ಬಿನೋ, ಇವರೋ? ಸಂಜೆಯೊಳಗೆ ಹೇಳಿ. ಇಲ್ಲಾಂದ್ರೆ ಇದನ್ನ ಇಲ್ಲಿಗೇ ಬಿಡಿ."

ಮೇಷ್ಟ್ರ ಮುಖ ನೋಡಲಾಗಲಿಲ್ಲ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಅವರೂ ನನ್ನ ಜೊತೆ ಹೊರಟರು. ಮನೆಗೆ ಬಂದರೆ ಶರೀಫುನ್ನೀಸಾ ಮಿಷನ್ ತುಳಿಯುತ್ತಲೇ ಇದ್ದಳು. ಒಂದೇ ಲಯದಲ್ಲಿ ಆಡುತ್ತಿದ್ದ ಅವಳ ಕಾಲಿನ ಮೇಲೆ ಮೇಷ್ಟ್ರ ಕಣ್ಣು ನಿಂತಿತು.

"ಅಮ್ಮಾ, ಆ ಪಟ್ಟಿ ನೀವೇನಾದ್ರೂ ಕಟ್ಕೊಂಡಿದ್ರಾ?"

"ಹೂಂ ಸಾರ್. ಕಾಲು ಊದ್ಕೊಂಡು ಒಂದು ತಿಂಗಳಾಯ್ತು. ಇವರು ಅದನ್ನ ನೋಡಿ, ನಿಮ್ಮ ಪಟ್ಟಿ ಜೊತೆ ನನ್ನ ನೋವಿಗೂ ಒಂದು ಹೊಲಿದು ನನ್ನ ಮಿಷನ್ ಮೇಲೆ ಇಟ್ಟಿದಾರೆ ಅಂದ್ಕೊಂಡೆ. ಸಂಜೆವರೆಗೂ ಕಟ್ಕೊಂಡೇ ತುಳಿದೆ. ಆಮೇಲೆ ಬಿಚ್ಚಿಟ್ಟಿದ್ದೆ, ಇವರು ಪೇಟೆಯಿಂದ ಬಂದು ಕೇಳಿದಾಗ ಕೊಟ್ಟೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಪಕ್ಕದಲ್ಲೇ ಕೂತಿದ್ದವನು ನಾನು. ಆ ಕಾಲು ಊದಿದ್ದು ಕಂಡಿರಲಿಲ್ಲ.

ಮೇಷ್ಟ್ರು ಅಲ್ಲೇ ಅವಳ ಕಾಲಿಗೆ ಡಬ್ಬಿ ಕಟ್ಟಿ ಹತ್ತು ನಿಮಿಷ ತುಳಿಸಿ ಕಾಲೇಜಿಗೆ ಓಡಿದರು. ಮೊನ್ನೆಯ ಗೆರೆಯೇ ತಿರುಗಿ ಬಂತಂತೆ. ಕೆಟ್ಟಿದ್ದು ಡಬ್ಬಿಯಲ್ಲವೆಂದು ಪ್ರಿನ್ಸಿಪಾಲರು ಒಪ್ಪಿದರು. ಉಳಿದವನು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಯೂನಿಫಾರ್ಮ್ ಎಲ್ಲ ಕೊಟ್ಟು ಮುಗಿಸಿದ ಭಾನುವಾರ, ಎಂಟು ದಿನ ಕಾಲು ಚಾಚಿ ಕೂತಿರು ಎಂದು ಅವಳನ್ನು ತವರೂರು ಗುಬ್ಬಿಯ ಬಸ್ಸು ಹತ್ತಿಸಿದೆ. ಕಾಲಿಗೆ ನಾನು ಹೊಲಿದ ಹೊಸ ಪಟ್ಟಿ ಇತ್ತು. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿದಳು.

"ಕರ್ಕೊಂಡು ಹೋಗೋಕೆ ಬರೋವಾಗ ಬಸ್ಸಲ್ಲೇ ಬನ್ನಿ ಕಣ್ರೀ. ಓಡ್ಕೊಂಡು ಬಂದ್ರೆ ವಾಪಸು ನಿಮ್ಮನ್ನ ನಾನೇ ಹೊತ್ಕೊಂಡು ಬರಬೇಕಾಗುತ್ತೆ."