ಎತ್ತಿಗೆ ಸೀರೆ ಉಡಿಸಿದ ಕಾಕಾ

ಹೆಂಡತಿಗೆ ಸೀರೆ ತಂದ ಗಂಡಸರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಮಂದಿ. ಎತ್ತಿಗೆ ಸೀರೆ ಉಡಿಸಿದವನು ನಮ್ಮ ಕಾಕಾ ಒಬ್ಬನೇ!

ಎತ್ತು ಎಂದರೆ ಬೆರಳುದ್ದದ ಮಣ್ಣೆತ್ತು. ಕಾರಹುಣ್ಣಿಮೆ ಕಳೆದು ಅಮಾವಾಸ್ಯೆ ಬಂದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಜೋಡಿ ಮಾಡಿ ಪೂಜಿಸುತ್ತೇವೆ. ಉಳಿದವರು ಕಾಲು ಕೋಡು ಚುಚ್ಚಿ, ಕೈ ತೊಳೆದು ಹೋಳಿಗೆಗೆ ಕೂಡುವರು. ಕಾಕಾ ಹಾಗಲ್ಲ. ಉಣಕಲ್ ಕೆರೆಯ ಮಣ್ಣನ್ನು ಅರಿವೆಯಲ್ಲಿ ಸೋಸಿ, ಶಾವಿಗೆಗಿಂತ ಸಣ್ಣ ಎಳೆ ಹೊಸೆದು, ಜಾಲಿಮುಳ್ಳಿನಿಂದ ಒಂದೊಂದೇ ತುಣುಕು ಎತ್ತಿ ಎತ್ತಿನ ಮೈಗೆ ಅಂಟಿಸುವನು. ಇಳಕಲ್ ಸೀರೆಯ ಕಸೂತಿಯೇ ಮಣ್ಣಿನಲ್ಲಿ ಉಬ್ಬಿ ನಿಂತಂತೆ! ಆಗ ಮನೆಯಲ್ಲಿ ಯಾರೂ ಸೀನುವಂತಿರಲಿಲ್ಲ. ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟು ಬಡಿಗತನ ಹಿಡಿದವನು, ಕೈಯ ಬೆಲೆ ಬಲ್ಲೆ. ಅಂಥ ಕೈ ಇನ್ನೊಂದು ಕಂಡಿಲ್ಲ.

ಒಮ್ಮೆ ಧಾರವಾಡದ ಬೀಗರು ಒದ್ದೆ ಅರಿವೆಯ ಮೇಲೆ ಹರಡಿದ ಎಳೆ ನೋಡಿ, "ಶಾವಿಗಿ ಭಾಳ ನಾಜೂಕ ಹೊಸದೀರಲ್ರೀ! ಬಸದು ಹಾಲು ಹಾಕ್ರಿ" ಎಂದರು.

ಕಾಕಾನ ಎದೆ ಉಬ್ಬಿತು. "ಕೇಳಿದೇನೋ? ಧಾರವಾಡದವರೂ ಒಪ್ಪಿದ್ರು!"

ಇದಕ್ಕೆಲ್ಲ ಮೂಲ ಅವನ ಹೆಂಡತಿ, ನಮ್ಮ ಕಾಕು. ಕಸೂತಿಯಲ್ಲಿ ಅವಳ ಸೂಜಿಗೆ ಓಣಿಯಲ್ಲಿ ಎದುರಿರಲಿಲ್ಲ. ಮಗಳ ಸೀರೆಯ ಸೆರಗಿಗೆ ಗೋಪುರ ಹೊಲಿಯುತ್ತಿರುವಾಗಲೇ ಅವಳ ಕಣ್ಣು ಹೋದವು. ಅರ್ಧ ಗೋಪುರದ ಸೀರೆ ಟ್ರಂಕು ಸೇರಿತು. ಕಾಕು ಸೂಜಿಯ ಮಾತೇ ಬಿಟ್ಟಳು. ಅವಳ ಬಾಯಿಂದ ಮತ್ತೆ ಕಸೂತಿಯ ಮಾತು ಹೊರಡಿಸಬೇಕು, ಇದೊಂದೇ ಕಾಕಾನ ಹಟ. ಪೂಜೆಗೆ ಮೊದಲು ಎತ್ತಿನ ಜೋಡಿ ಅವಳ ಕೈಗೆ! ಅವಳೋ ಸುಮ್ಮನೆ ಮುಟ್ಟಿ, "ಹೂಂ, ಇಡ್ರಿ" ಎನ್ನುವಳು.

ಒಂದು ವರ್ಷ ಮಾತ್ರ ಬೆರಳು ತಡೆಯಿತು. "ಒಳಮಗ್ಗಲ ಬೋಳ ಐತಲ್ಲ?"

"ಜೋಡಿ ನಿಂತ್ರ ಅದು ಯಾರಿಗೆ ಕಾಣ್ತೈತಿ?"

"ಕಸೂತಿಗೆ ಒಳಗ ಹೊರಗ ಅಂತ ಇರ್ತೈತೇನ್ರಿ? ಎರಡೂ ಕಡೆ ಒಂದ ಥರ ಇರಬೇಕು."

ಬೈಸಿಕೊಂಡು ಅಷ್ಟು ಹಿಗ್ಗಿದ ಗಂಡನನ್ನು ನಾನು ಬೇರೆಲ್ಲೂ ನೋಡಿಲ್ಲ! ಮರುವರ್ಷ ಎರಡೂ ಮಗ್ಗಲಿಗೆ ಕಸೂತಿ. ನೆರೆಯವರು ಕೆಣಕಿದರು: "ನಾಳೆ ಕೆರೀಗೆ ಬಿಡೂ ಎತ್ತು. ಒಳಗಿಂದು ಯಾರು ನೋಡ್ತಾರೋ ಮಾರಾಯಾ?"

"ಬಾಜೂಕಿನ ಎತ್ತು ನೋಡ್ತೈತಿ!"

ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ಆ ವರ್ಷ ಕಾಕಾ ಹಗಲೆಲ್ಲ ಅಂಗಳದಲ್ಲೇ ಕೂತ, ಏನು ಮಾಡುತ್ತಿರುವೆನೆಂದು ಯಾರಿಗೂ ಹೇಳಲಿಲ್ಲ. ಅಮಾವಾಸ್ಯೆಯ ದಿನ ಹೋಳಿಗೆ ಆರುತ್ತಿತ್ತು, ನಮ್ಮ ಹೊಟ್ಟೆ ಕೂಗುತ್ತಿತ್ತು. ಕಾಕುವಿನ ಬೆರಳು ಎತ್ತಿನ ಮೈಮೇಲೆ ಮೆಲ್ಲಗೆ ಹತ್ತುತ್ತಾ ಹೋಗಿ ಥಟ್ಟನೆ ನಿಂತಿತು.

"ಇದು ನನ್ನ ಗೋಪುರ. ಇಲ್ಲಿಗೇ ನಿಂತಿತ್ತು."

"ಮ್ಯಾಲ ಹೋಗು," ಎಂದ ಕಾಕಾ.

ಬೆರಳು ಮೇಲೇರಿ, ತುದಿ ಮುಟ್ಟಿ, ಅಲ್ಲೇ ಉಳಿಯಿತು.

"ಕಳಸ ಸೊಟ್ಟ ಐತ್ರಿ," ಎಂದಳು ಕಾಕು. "ಟ್ರಂಕ್ ತಗೀರಿ. ಸೂಜಿಗೆ ದಾರ ಪೋಣಿಸಿ ಕೊಡ್ರಿ. ಕಳಸ ಹೆಂಗಿರಬೇಕು ಅಂತ ತೋರಸ್ತೇನಿ."

ಶಾವಿಗೆಗಿಂತ ಸಣ್ಣ ಎಳೆ ಹೊಸೆಯುವ ನಮ್ಮ ಕಾಕಾನಿಗೆ ಅಂದು ಏನು ಮಾಡಿದರೂ ಸೂಜಿಯೊಳಗೆ ದಾರ ಹೋಗಲಿಲ್ಲ. ಕಾಕು ಕೈಚಾಚಿ ತಡವಿ, ಸೆರಗಿನಿಂದ ಅವನ ಕೆನ್ನೆ ಒರೆಸಿದಳು.

"ಸಾವಕಾಶ ಪೋಣಸ್ರಿ. ನನಗೇನೂ ಅವಸರ ಇಲ್ಲ."