ಮೂರನೇ ಭಾಗ ಎಂ.ಎ.ಗೆ ಬರುತ್ತೆ

ಕೂತಲ್ಲಿ ಕೂರೋ ಜಾಯಮಾನ ನನ್ನದಲ್ಲ. ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡ್ತಾನೇ ಇರ್ತೀನಿ. ಬಸವೇಶ್ವರನಗರದ ಡಿಗ್ರಿ ಕಾಲೇಜೊಂದರಲ್ಲಿ ವಿಕ್ಟೋರಿಯಾ ರಾಣಿ ಕಾಲದ ಕಾದಂಬರಿ ಕಲಿಸೋದು ನನ್ನ ಕೆಲಸ. ಮಾನ, ಮನೆತನ, ಮದುವೆ, ನಾಲ್ಕು ಜನ ಏನಂತಾರೋ ಅನ್ನೋ ಭಯ. ಯಾವ ಪುಟ ತೆಗೆದರೂ ಅದರೊಳಗಿಂದ ನಮ್ಮ ಏರಿಯಾದವರೇ ಯಾರಾದರೂ ಎದ್ದು ಬರ್ತಾರೆ. ಒಂದು ಸೆಮಿಸ್ಟರೂ ಇದು ತಪ್ಪಿದ್ದಿಲ್ಲ.

೧. ಹೆಲ್ಮೆಟ್ಟಿನೊಳಗಿನವನು

ಕಳೆದ ಸಲದ ಕಾದಂಬರಿಯಲ್ಲಿ ದೊಡ್ಡ ಮನೆಯೊಂದಕ್ಕೆ ಬಟ್ಟೆ ಹೊಲಿಯೋಕೆ ಬರೋ ಬಡ ಹುಡುಗಿ ಇದ್ದಾಳೆ. ಆ ಮನೆ ಮಗ ಮದುವೆ ಆಗ್ತೀನಿ ಅಂತ ನಂಬಿಸ್ತಾನೆ. ಇಬ್ಬರೂ ಹೊಳೆ ದಂಡೆ ಮೇಲೆ ನಡ್ಕೊಂಡು ಹೋಗಿದ್ದನ್ನ ಯಾರೋ ನೋಡಿದ್ದೇ ತಡ, ಅವಳ ಹೆಸರು ಬೀದಿಪಾಲು.

“ಬರೀ ನಡ್ಕೊಂಡು ಹೋಗಿದ್ದಕ್ಕೇ ಇಷ್ಟೊಂದಾ ಅಂತ ನಿಮಗೆ ಅನ್ನಿಸಬಹುದು. ಈಗಿನವರಿಗೆ ಅರ್ಥ ಆಗೋದು ಕಷ್ಟ” ಅಂದೆ.

ಕೊನೇ ಬೆಂಚಿನ ಹುಡುಗ ಎದ್ದ. “ಏನೂ ಕಷ್ಟ ಇಲ್ಲ ಮೇಡಂ. ಮೊನ್ನೆ ನಮ್ಮಕ್ಕನ್ನ ಗಾಡೀಲಿ ಮೆಟ್ರೋ ಸ್ಟೇಷನ್ನಿಗೆ ಬಿಟ್ಟೆ. ನಾನು ಹೆಲ್ಮೆಟ್ ಹಾಕಿದ್ದೆ. ವಾಪಸ್ ಬರೋ ಅಷ್ಟರಲ್ಲಿ ಎದುರುಮನೆ ಆಂಟಿ ನಮ್ಮಮ್ಮಂಗೆ ಫೋನ್ ಮಾಡಿ, ನಿಮ್ಮ ಮಗಳು ಯಾವನದೋ ಗಾಡಿ ಹತ್ತಿದ್ಲು ಅಂದುಬಿಟ್ಟಿದ್ರು.”

“ನಿಮ್ಮಮ್ಮ ನಂಬಿದ್ರಾ?”

“ನಂಬಿದ್ರು ಮೇಡಂ. ಅವನ್ಯಾರು ಅಂತ ಪತ್ತೆ ಮಾಡ್ಕೊಂಡು ಬಾ ಅಂತ ನನ್ನನ್ನೇ ಕಳ್ಸಿದ್ರು.”

೨. ಅಪ್ಪನ ವಾದ

ಆ ಕೊನೇ ವರ್ಷದ ತರಗತೀಲಿ ಚೆನ್ನಾಗಿ ಓದೋ ಹುಡುಗಿ ಒಬ್ಬಳಿದ್ದಳು, ಲಗ್ಗೆರೆಯವಳು. ಎಂ.ಎ. ಮಾಡಬೇಕು ಅಂತ ಅವಳಿಗೆ ಆಸೆ. ಇದ್ದಕ್ಕಿದ್ದಂಗೆ ಕಾಲೇಜಿಗೆ ಬರೋದು ನಿಲ್ಲಿಸಿದಳು. ವಿಚಾರಿಸಿದರೆ, ಮನೇಲಿ ಗಂಡು ನೋಡ್ತಾ ಇದ್ದಾರೆ. ಈ ಬೇಸಿಗೆಗೇ ಮದುವೆ ಆದರೆ ಓದಿಗೆ ಎಳ್ಳುನೀರು. ನನಗೆ ಊಟ ಸೇರಲಿಲ್ಲ. ಪೇಪರ್ ತಿದ್ದೋಕೆ ಕೂತೆ, ಎದ್ದೆ, ಮತ್ತೆ ಕೂತೆ. ಕಡೆಗೆ ಗಾಡಿ ತೆಗೆದು ಅವರ ಮನೆಗೇ ಹೋದೆ.

ಅವಳಪ್ಪ ಲಗ್ಗೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರೋರು. ಹೊಲ ಇದ್ದ ಜಾಗದಲ್ಲಿ ಮನೆಗಳನ್ನ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮರ್ಯಾದೆಯಿಂದ ಕೂರಿಸಿ ಕಾಫಿ ಕೊಡಿಸಿದರು. ನಾನು ಒಂದೇ ಉಸಿರಿಗೆ ಹೆಣ್ಣುಮಕ್ಕಳ ಓದು, ಸ್ವಾವಲಂಬನೆ ಅಂತೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಅಲ್ಲಾ ಮೇಡಮ್ಮೋರೆ, ನೀವು ಕಲ್ಸೋ ಆ ಕಾದಂಬರಿಗಳಲ್ಲಿ ಕೊನೇಗೆ ಏನಾಯ್ತದೆ?”

ಯೋಚನೆ ಮಾಡದೆ ಬಾಯಿ ಬಿಟ್ಟೆ. “ಹೆಚ್ಚಿನದರಲ್ಲಿ ಒಳ್ಳೇ ಹುಡುಗೀರಿಗೆ ಮದುವೆ ಆಗುತ್ತೆ.”

“ಮತ್ತೆ? ನಾನೇನು ಸಿಲಬಸ್ ಬಿಟ್ಟು ಹೊರಗೆ ಹೋಗಿದೀನಾ?”

೩. ತಣ್ಣಗಾದ ಉಪ್ಪಿಟ್ಟು

ಹೆಣ್ಣು ನೋಡೋ ದಿನ, ಟೀಚರ್ ಇದ್ದರೆ ಒಂದು ಗೌರವ ಅಂತ ಅವಳಮ್ಮ ನನ್ನನ್ನೂ ಕರೆದರು. ಹೋದೆ. ಹುಡುಗ ನೆಲ ನೋಡ್ತಾ ಕೂತಿದ್ದ. ಮಾತೆಲ್ಲ ಅವನ ತಾಯಿಯದೇ. ಅಡುಗೆ ಬರುತ್ತಾ, ಹಾಡು ಬರುತ್ತಾ ಆದಮೇಲೆ, “ಏನಮ್ಮಾ ಓದ್ತಿರೋದು?” ಅಂದರು.

ಹುಡುಗಿ ತಲೆ ಎತ್ತಿ ಆ ಹೊಲಿಗೆ ಹುಡುಗಿ ಕಥೆ ಶುರು ಮಾಡಿದಳು. ಮಾತು ಕೊಟ್ಟವನು ಪಟ್ಟಣಕ್ಕೆ ಓಡಿಹೋದ. ಇವಳಿಗೆ ಮಗು ಆಯ್ತು. ಮಗು ಅಂದಿದ್ದಕ್ಕೆ ನಮ್ಮ ಹುಡುಗಿಯಪ್ಪನ ಮುಖ ಬಿಳಿಚಿಕೊಳ್ತು. ಊರವರು ಅವಳನ್ನ ಚರ್ಚಿನೊಳಗೂ ಬಿಡಲಿಲ್ಲ. ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

“ಅವನನ್ನ ಹಿಡ್ಕೊಂಡು ಬಂದು ನಾಲ್ಕು ಬಾರಿಸೋರು ಯಾರೂ ಇರ್ಲಿಲ್ವಾ?” ಅಂತ ಮಗನನ್ನೇ ದುರುಗುಟ್ಟಿ ನೋಡಿದರು. ಅವನು ಪಾಪ, ಬೆವೆತುಹೋದ. “ಆಮೇಲೆ?” ಅಂದರು ತಾಯಿ.

“ಆಮೇಲಿಂದು ನಂಗೊತ್ತಿಲ್ಲ ಆಂಟಿ. ಆಗೆಲ್ಲ ಒಂದೇ ಕಾದಂಬರೀನ ಮೂರು ಭಾಗ ಮಾಡಿ ಅಚ್ಚು ಹಾಕ್ತಿದ್ರು. ಡಿಗ್ರಿಗೆ ಎರಡೇ ಭಾಗ. ಮೂರನೇದು ಎಂ.ಎ.ಗೆ ಬರುತ್ತೆ.”

ಅಯ್ಯೋ ಪುಣ್ಯಾತ್ಗಿತ್ತಿ. ಮೂರೂ ಭಾಗ ನಾನೇ ಪಾಠ ಮಾಡಿದ್ದೆ. ಕೊನೇ ಪುಟಕ್ಕೆ ಇವಳು ಮೊದಲ ಬೆಂಚಲ್ಲಿ ಕೂತು ಅತ್ತಿದ್ದಳು.

“ಹೌದಾ ಮೇಡಂ?” ಅಂದರು ಹುಡುಗನ ತಾಯಿ. ಎಲ್ಲರೂ ನನ್ನ ಕಡೆ ತಿರುಗಿದರು. ಸತ್ಯವೇ ಪರಮಧರ್ಮ ಅಂತ ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದವಳು ನಾನು. “ಹೌದು” ಅಂದೆ.

ಆಯಮ್ಮ ಹುಡುಗಿಯಪ್ಪನಿಗೆ ಹೇಳಿದರು: “ಓದಿಸ್ರೀ. ಎರಡು ವರ್ಷ ತಾನೆ? ಅದು ಮುಗಿಲಿ, ಆಮೇಲೂ ಅವಳು ಹೂಂ ಅಂದ್ರೆ ಬರ್ತೀವಿ.” ಗಂಡಿನ ಕಡೆಯವರೇ ಹಾಗಂದಮೇಲೆ ಅವರು ಇನ್ನೇನು ಹೇಳಿಯಾರು? ತಲೆಯಾಡಿಸಿದರು. ನನಗೆ ಎದ್ದು ಕುಣಿಯೋಣ ಅನ್ನಿಸ್ತು.

ಹೊರಡುವಾಗ ಆಯಮ್ಮ ನನ್ನ ಕೈ ಹಿಡಿದು ಗೇಟಿನ ಹತ್ತಿರ ಕರ್ಕೊಂಡು ಹೋದರು. “ನೀವಿಬ್ರೂ ಸುಳ್ಳು ಹೇಳಿದ್ದು ಮುಖ ನೋಡಿದ್ರೇ ಗೊತ್ತಾಗುತ್ತೆ. ನನ್ನ ಓದು ಹತ್ತನೇ ಕ್ಲಾಸಿಗೇ ಬಿಡಿಸಿದ್ರು, ಆಗ ಇಂಥ ಸುಳ್ಳು ಹೇಳೋರು ಯಾರೂ ಸಿಗಲಿಲ್ಲ. ಅದಿರ್ಲಿ, ನಂಗೆ ಎರಡು ವರ್ಷ ಕಾಯೋಕಾಗಲ್ಲ. ಕೊನೇಗೆ ಏನಾಗುತ್ತೆ ಹೇಳಿಬಿಡಿ.”

ಈ ಸಲ ನಿಜ ಹೇಳಿದೆ. “ಅವಳು ಸಾಯ್ತಾಳೆ. ಅವನು ಬೇರೆಯವಳನ್ನ ಮದುವೆ ಆಗಿ ಸುಖವಾಗಿರ್ತಾನೆ.”

ಆಯಮ್ಮ ಕಾರಿನ ಬಾಗಿಲು ತೆಗೆದವರು ನನ್ನ ಕಡೆ ತಿರುಗಿದರು.

“ಇಂಥದ್ದು ಬರೆದೋರ ಮನೆಗೆ ನಾವಾಗಿದ್ರೆ ಹೆಣ್ಣೇ ಕೊಡ್ತಿರ್ಲಿಲ್ಲ” ಅಂದು ಕಾರು ಹತ್ತಿದರು.